ಅಳತೆ ಸರಿ ಇದೆ, ಜೀವ ಇಲ್ಲ: ನ್ಯೂಡ್ ಸ್ಟಡಿಯಲ್ಲಿ ಭಾವ ತರುವುದು ಹೇಗೆ?

ಕೇಳಿದವರು

ಎಲ್ಲರಿಗೂ ನಮಸ್ಕಾರ. ನಾನು ಫಿಗರ್ ಡ್ರಾಯಿಂಗ್, ಅಂದರೆ ಮನುಷ್ಯರ ಮೈ ನೋಡಿ ಬರೆಯುವುದು, ಕಲಿಯುತ್ತಿದ್ದೇನೆ. ಈಗ ನ್ಯೂಡ್ (ಬೆತ್ತಲೆ) ಮಾಡೆಲ್ ಎದುರು ದೀರ್ಘ ಪೋಸ್ ನಡೆಯುತ್ತಿದೆ, ಒಂದೇ ಭಂಗಿ ಹಲವು ಕ್ಲಾಸ್. ತೂಗುಗುಂಡಿನ ದಾರ ಹಿಡಿದು ನೋಡುತ್ತೇನೆ, ತಲೆಯ ಉದ್ದವನ್ನೇ ಅಳತೆಗೋಲು ಮಾಡಿ ಎತ್ತರ ತೆಗೆಯುತ್ತೇನೆ, ಶೇಡಿಂಗೂ ಪರವಾಗಿಲ್ಲ. ಆದರೆ ಮುಗಿದ ಮೇಲೆ ನೋಡಿದರೆ ಬೊಂಬೆ. ಮೇಷ್ಟ್ರು ಹೇಳಿದ್ದೂ ಅದನ್ನೇ: "ತಪ್ಪೇನೂ ಇಲ್ಲ, ಆದರೆ ಈ ಮನುಷ್ಯನಿಗೆ ಏನೂ ಅನ್ನಿಸ್ತಾ ಇಲ್ಲ." ಎರಡು ನಿಮಿಷದ ಸ್ಕೆಚ್‌ಗಳಲ್ಲಿ ಏನೋ ಒಂದು ಇರುತ್ತದೆ. ದೊಡ್ಡ ಹಾಳೆಗೆ ಬಂದ ಕೂಡಲೇ ಅದು ಹೋಗಿಬಿಡುತ್ತದೆ. ಮುಖದಲ್ಲಿ ಭಾವ ತರಲು ನೋಡಿದೆ, ನಾಟಕದ ಹಾಗೆ ಕಂಡಿತು. ನೀವೆಲ್ಲ ಇದನ್ನು ಹೇಗೆ ದಾಟಿದಿರಿ? ಹೇಳಿ.

ಸ್ಟುಡಿಯೋದಲ್ಲಿ ಬಹಳ ಕಾಲದಿಂದ ಬರೆಯುತ್ತಿರುವವರು

ನಿಮ್ಮ ಪ್ರಶ್ನೆಯಲ್ಲೇ ಅರ್ಧ ಉತ್ತರ ಇದೆ. ಸಣ್ಣ ಸ್ಕೆಚ್‌ನಲ್ಲಿ ಇದ್ದದ್ದು ದೊಡ್ಡ ಹಾಳೆಯಲ್ಲಿ ಹೋಗುತ್ತದೆ ಅಂದಿರಿ. ಅಂದರೆ ಅದು ನಿಮ್ಮ ಕಣ್ಣಿಗೆ ಬೀಳುತ್ತಿದೆ, ಕೈಗೂ ಸಿಗುತ್ತಿದೆ. ಕೊನೆತನಕ ಉಳಿಸಿಕೊಳ್ಳುವುದೊಂದೇ ಬಾಕಿ. ಇಲ್ಲದ್ದನ್ನು ಹುಟ್ಟಿಸುವುದಕ್ಕಿಂತ ಇದು ಎಷ್ಟೋ ಸುಲಭ.

ಮುಖದ ವಿಷಯ ಮೊದಲು ಮುಗಿಸೋಣ. ದೀರ್ಘ ಪೋಸ್‌ನಲ್ಲಿ ಯಾರ ಮುಖದಲ್ಲೂ ಭಾವ ನಿಲ್ಲುವುದಿಲ್ಲ. ಸ್ವಲ್ಪ ಹೊತ್ತಿಗೇ ಮುಖ ಸಪ್ಪೆಯಾಗುತ್ತದೆ, ಕಣ್ಣು ಎಲ್ಲೋ ನೆಟ್ಟಿರುತ್ತದೆ. ಅಲ್ಲಿ ಇಲ್ಲದ್ದನ್ನು ನೀವು ನೆನಪಿನಿಂದ ತಂದು ಅಂಟಿಸಿದರೆ ಮೈ ಒಂದು ಹೇಳುತ್ತದೆ, ಮುಖ ಇನ್ನೊಂದು ಹೇಳುತ್ತದೆ. ನಾಟಕದಂತೆ ಕಾಣುವುದು ಅದಕ್ಕೇ.

ಭಾವ ಅಂದರೆ ಮುಖ ಅನ್ನುವ ಅಭ್ಯಾಸ ಬಹಳ ಹಳೆಯದು. ಪ್ಯಾರಿಸ್ಸಿನಲ್ಲಿ ಚಿತ್ರ, ಶಿಲ್ಪ ಕಲಿಸುವ ರಾಯಲ್ ಅಕಾಡೆಮಿ ಶುರುವಾಗಿದ್ದು 1648ರಲ್ಲಿ. ಅಲ್ಲಿ 1668ರಲ್ಲಿ ಶಾರ್ಲ್ ಲೆ ಬ್ರುನ್ ಎಂಬ ಚಿತ್ರಕಾರ ಭಾವಗಳ ಬಗ್ಗೆ ಉಪನ್ಯಾಸ ಕೊಟ್ಟ. ಕೋಪಕ್ಕೆ ಹುಬ್ಬು ಹೇಗೆ, ಭಯಕ್ಕೆ ಬಾಯಿ ಹೇಗೆ, ಬೆರಗಿಗೆ ಕಣ್ಣು ಹೇಗೆ ಅಂತ ಒಂದೊಂದಕ್ಕೂ ಚಿತ್ರ ಬರೆದ. ಹುಬ್ಬಿಗಂತೂ ಎಲ್ಲಕ್ಕಿಂತ ಮೇಲಿನ ಜಾಗ. ಮುಂದಿನ ಶತಮಾನದಲ್ಲಿ ಕೌಂಟ್ ಕೇಲಸ್ ಅದೇ ಅಕಾಡೆಮಿಯಲ್ಲಿ ಭಾವ ತೋರುವ ತಲೆಗಳಿಗೇ ಅಂತ ಒಂದು ಬಹುಮಾನ ಇಟ್ಟ. ಹೀಗೆ ಬೆತ್ತಲೆ ಮೈ ಒಂದು ಪಾಠ, ಭಾವ ಇನ್ನೊಂದು ಪಾಠ ಅಂತ ಎರಡು ಪಾಲಾಯಿತು. ಇವತ್ತೂ ಕ್ಲಾಸುಗಳಲ್ಲಿ ಮೈಯನ್ನು ಅಳೆಯಲು ಹೇಳಿಕೊಡುತ್ತಾರೆ, ಭಾವ ತಾನಾಗಿಯೇ ಬರಲಿ ಅಂತ ಬಿಡುತ್ತಾರೆ. ಇದು ಸರಿಯಲ್ಲ ಅಂತ ನನ್ನ ಗಟ್ಟಿಯಾದ ಅಭಿಪ್ರಾಯ.

ವ್ಯಾನ್ ಗೋ 1882ರಲ್ಲಿ ಹೇಗ್ ನಗರದಲ್ಲಿದ್ದಾಗ ಬರೆದ 'ಸಾರೋ' (ಅಂದರೆ ದುಃಖ) ಚಿತ್ರ ತೆಗೆದು ನೋಡಿ. ಸೀನ್ ಎಂಬ ಬಸುರಿ ಹೆಂಗಸು ಬೆತ್ತಲೆ ಕೂತಿದ್ದಾಳೆ. ಮೊಣಕಾಲಿನ ಮೇಲೆ ತೋಳು, ತೋಳಿನಲ್ಲಿ ಹುದುಗಿದ ತಲೆ. ಮುಖ ಕಾಣುವುದೇ ಇಲ್ಲ. ಕುತ್ತಿಗೆಯಿಂದ ಸೊಂಟದವರೆಗೆ ಬೆನ್ನಿನ ಬಾಗು ನೋಡಿ, ಎಲ್ಲೂ ಎದ್ದು ನಿಲ್ಲುವ ಪ್ರಯತ್ನವೇ ಇಲ್ಲ. ಎದೆ ಕೆಳಗೆ ಜೋತಿದೆ, ಹೊಟ್ಟೆ ತೊಡೆಯ ಹತ್ತಿರ ಬಂದಿದೆ. ತಲೆಯ ಪೂರ್ತಿ ಭಾರ ತೋಳಿನ ಮೇಲೆ, ತೋಳಿನ ಭಾರ ಮೊಣಕಾಲಿನ ಮೇಲೆ. ದುಃಖ ಅಲ್ಲಿದೆ, ಆ ಭಾರ ಇಳಿಯುವ ದಾರಿಯಲ್ಲಿ. ಇನ್ನೊಂದು ಮಾತು: ಇದಕ್ಕೆ ಸ್ವಲ್ಪ ಮುಂಚೆ ಇದೇ ವ್ಯಾನ್ ಗೋ ಶಾರ್ಲ್ ಬಾರ್ಗ್‌ನ ಡ್ರಾಯಿಂಗ್ ಕೋರ್ಸಿನ ಹಾಳೆಗಳನ್ನು ಶ್ರದ್ಧೆಯಿಂದ ನಕಲು ಮಾಡಿದ್ದ. ಅಕಾಡೆಮಿಕ್ ಅಭ್ಯಾಸ, ಅಂದರೆ ಹೀಗೆ ಅಳತೆ ಹಿಡಿದು ಕಟ್ಟುನಿಟ್ಟಾಗಿ ಬರೆಯುವುದು, ಭಾವವನ್ನು ಕೊಲ್ಲುತ್ತದೆ ಅಂತ ಹೇಳುವವರ ಮಾತು ನೀವು ನಂಬಬೇಡಿ.

ಹಾಗಾದರೆ ಎದುರಿಗಿರುವ ಮಾಡೆಲ್‌ನಲ್ಲಿ ಏನು ಹುಡುಕಬೇಕು? ನಾನು ಹುಡುಕುವುದು ಭಾರವನ್ನು. ಎಲ್ಲಿಂದ ಹೊರಟಿದೆ, ಯಾವ ದಾರಿಯಲ್ಲಿ ಇಳಿಯುತ್ತಿದೆ, ನೆಲಕ್ಕೆ ಎಲ್ಲಿ ಮುಟ್ಟುತ್ತಿದೆ, ದಾರಿಯಲ್ಲಿ ಮೈ ಅದನ್ನು ತಡೆಯುತ್ತಿದೆಯೋ ಬಿಟ್ಟುಕೊಟ್ಟಿದೆಯೋ. ಭಾವ ಬದಲಾದರೆ ಮೊದಲು ಬದಲಾಗುವುದು ಇದೇ. ದಣಿದವರು, ಸೋತವರು ಭಾರವನ್ನು ಬಿಟ್ಟುಕೊಡುತ್ತಾರೆ. ಎದೆಗೂಡು ಸೊಂಟದ ಕಡೆ ಕುಸಿಯುತ್ತದೆ, ಹೊಟ್ಟೆಯ ಮೇಲೆ ಮಡಿಕೆ ಬೀಳುತ್ತದೆ, ಕೈಬೆರಳು ಸುಮ್ನೆ ನೇತಾಡುತ್ತವೆ. ಹೆದರಿದವರು ಹಿಡಿದಿಟ್ಟುಕೊಳ್ಳುತ್ತಾರೆ. ಹೆಗಲು ಕಿವಿಯ ಕಡೆ ಏರುತ್ತದೆ, ಕಾಲರ್ ಮೂಳೆಗಳು ಹೊರಗಡೆ ಮೇಲೆದ್ದು ಓರೆಯಾಗುತ್ತವೆ, ಉಸಿರು ಎದೆಯ ಮೇಲ್ಭಾಗದಲ್ಲೇ ನಿಲ್ಲುತ್ತದೆ, ಕಾಲ್ಬೆರಳು ನೆಲ ಕಚ್ಚುತ್ತವೆ. ಧೈರ್ಯವಾಗಿ ನಿಂತವರ ಎದೆಮೂಳೆ ಎತ್ತಿರುತ್ತದೆ, ಭಾರ ಮಾತ್ರ ಹಿಮ್ಮಡಿಯವರೆಗೆ ನಿರಾಳವಾಗಿ ಇಳಿದಿರುತ್ತದೆ. ಇದರಲ್ಲಿ ಯಾವುದಕ್ಕೂ ಹುಬ್ಬು ಬೇಕಿಲ್ಲ.

ಕೆಲಸದ ಕ್ರಮ ಹೇಳುತ್ತೇನೆ. ಪೋಸ್ ಶುರುವಾದ ಕೂಡಲೇ ದೊಡ್ಡ ಹಾಳೆ ಮುಟ್ಟಬೇಡಿ. ಅಂಗೈ ಅಗಲದ ಕಾಗದದಲ್ಲಿ ಒಂದೆರಡು ನಿಮಿಷದ ಸ್ಕೆಚ್ ಮಾಡಿ. ತಲೆ, ಎದೆಗೂಡು, ಸೊಂಟ ಈ ಮೂರರ ಓರೆ ಮಾತ್ರ, ಮತ್ತೆ ಭಾರ ಹೊತ್ತ ಕಾಲು. ಯಾವ ಮಗ್ಗುಲು ಒತ್ತಿಕೊಂಡಿದೆ, ಯಾವ ಮಗ್ಗುಲು ಹಿಗ್ಗಿದೆ ಅಂತ ನೋಡಿ. ಮೈ ತಿರುಚಿದ ಪೋಸ್ ಆದರೆ ಈ ಒತ್ತು ಮತ್ತು ಹಿಗ್ಗು ಒದ್ದೆ ಬಟ್ಟೆ ಹಿಂಡಿದ ಹಾಗೆ ಮೈಸುತ್ತ ಹಾಯ್ದು ಹೋಗುತ್ತದೆ, ಒಂದು ಬದಿಯ ಸೊಂಟದಿಂದ ಎದುರು ಬದಿಯ ಹೆಗಲಿಗೆ. ಅದನ್ನು ಒಂದೇ ಗೆರೆಯಲ್ಲಿ ಹಿಡಿಯಿರಿ. ಆಮೇಲೆ ಆ ಸ್ಕೆಚ್ ಪಕ್ಕ ಒಂದು ಕ್ರಿಯಾಪದ ಬರೆಯಿರಿ. 'ದುಃಖ', 'ಒಂಟಿತನ' ಅಂತ ಅಲ್ಲ. 'ಕುಸಿಯುತ್ತಿದೆ', 'ತಳ್ಳುತ್ತಿದೆ', 'ತಡೆದು ಹಿಡಿದಿದೆ', 'ಜಾರುತ್ತಿದೆ' ಅಂತ. ದುಃಖವನ್ನು ಚಾರ್ಕೋಲಿನಲ್ಲಿ ಬರೆಯಲು ಬರುವುದಿಲ್ಲ, ಕುಸಿಯುವುದನ್ನು ಬರೆಯಬಹುದು.

ಆ ಚೀಟಿಯನ್ನು ಬೋರ್ಡಿನ ಮೇಲ್ತುದಿಗೆ ಕ್ಲಿಪ್ ಹಾಕಿ ಕೊನೆತನಕ ಇಟ್ಟುಕೊಳ್ಳಿ. ಇದು ಬಹಳ ಮುಖ್ಯ. ಯಾಕೆಂದರೆ ಮಾಡೆಲ್ ನಿಮಿಷ ನಿಮಿಷಕ್ಕೂ ಬದಲಾಗುತ್ತಾರೆ. ಹೆಗಲು ಇಳಿಯುತ್ತದೆ, ಸೊಂಟ ಸಡಿಲವಾಗುತ್ತದೆ, ಕತ್ತು ಆರಾಮದ ಜಾಗ ಹುಡುಕಿಕೊಳ್ಳುತ್ತದೆ. ನೀವು ಪ್ರಾಮಾಣಿಕವಾಗಿ ಕಂಡದ್ದನ್ನೇ ಬರೆಯುತ್ತಾ ಹೋದರೆ, ಮೂರನೇ ಕ್ಲಾಸಿನ ಹೊತ್ತಿಗೆ ನಿಮ್ಮ ಹಾಳೆಯಲ್ಲಿರುವುದು ಸುಸ್ತಾದ ಒಬ್ಬ ಮಾಡೆಲ್ ಅಷ್ಟೆ. ಮೊದಲ ನಿಮಿಷದ ಮನುಷ್ಯ ಅಲ್ಲಿರುವುದಿಲ್ಲ. ದೊಡ್ಡ ಹಾಳೆಯಲ್ಲಿ ಭಾವ ಹೋಗಿಬಿಡುತ್ತದೆ ಅಂತ ನೀವು ಹೇಳಿದ್ದಕ್ಕೆ ಅರ್ಧ ಕಾರಣ ಇದೇ ಇರಬೇಕು. ಪ್ರತಿ ಬ್ರೇಕ್‌ನಲ್ಲೂ ದೂರ ಹೋಗಿ ನಿಂತು ಚೀಟಿಯನ್ನೂ ಹಾಳೆಯನ್ನೂ ಒಟ್ಟಿಗೆ ನೋಡಿ. ಓರೆ ಕಡಿಮೆಯಾಗಿದ್ದರೆ ಅಲ್ಲೇ ತಿದ್ದಿ, ಶೇಡಿಂಗ್ ಎಷ್ಟೇ ಚೆನ್ನಾಗಿ ಬಂದಿದ್ದರೂ ಸರಿ.

ಉಳಿದರ್ಧ ಕಾರಣ ನಮ್ಮ ಕಣ್ಣು. ಓರೆಯಾಗಿರುವುದನ್ನು ನೆಟ್ಟಗೆ ಮಾಡುವುದು ಕೈಯ ಸ್ವಭಾವ. ಹೆಗಲು ಒಂದು ಕಡೆ ಇಳಿದಿದ್ದರೆ ನಾವು ಅದಕ್ಕಿಂತ ಕಡಿಮೆ ಇಳಿಸುತ್ತೇವೆ. ತಲೆ ಬಾಗಿದ್ದರೆ ಅದಕ್ಕಿಂತ ಕಡಿಮೆ ಬಾಗಿಸುತ್ತೇವೆ. ಎಲ್ಲವೂ ಚೂರು ಚೂರು ನೆಟ್ಟಗಾಗಿ ಕೊನೆಗೆ ಸಿಗುವುದೇ ನಿಮ್ಮ ಬೊಂಬೆ.

ಎರಡನೇ ವರ್ಷದ ವಿದ್ಯಾರ್ಥಿ

ನನಗೆ ಉಪಯೋಗವಾದ ಒಂದೇ ಒಂದು ವಿಷಯ: ಬರೆಯುವ ಮುಂಚೆ ನೀವೇ ಆ ಪೋಸ್‌ನಲ್ಲಿ ನಿಲ್ಲಿ. ಮೊದಲು ಎಲ್ಲಿ ನೋವು ಶುರುವಾಗುತ್ತದೋ ಭಾರ ಅಲ್ಲಿದೆ. ಬೇರೆಯವರ ಎದುರು ಮುಜುಗರ ಅನ್ನಿಸಿದರೆ ಕ್ಲಾಸ್ ಶುರುವಾಗುವ ಮುಂಚೆ ಹೊರಗೆ ಒಂದು ಮೂಲೆಯಲ್ಲಿ ಮಾಡಿ.

ಸ್ಟುಡಿಯೋದಲ್ಲಿ ಬಹಳ ಕಾಲದಿಂದ ಬರೆಯುತ್ತಿರುವವರು

ಹೌದು, ಇದಕ್ಕಿಂತ ಒಳ್ಳೆಯ ಸಲಹೆ ಇಲ್ಲ. ಜರ್ಮನ್ ಕಲಾವಿದೆ ಕೇಟೆ ಕೋಲ್ವಿಟ್ಸ್ 1903ರಲ್ಲಿ ಮಾಡಿದ ಸತ್ತ ಮಗುವನ್ನು ಅಪ್ಪಿಕೊಂಡ ತಾಯಿಯ ಎಚಿಂಗ್ (ಲೋಹದ ತಗಡಿನಿಂದ ತೆಗೆದ ಅಚ್ಚು ಚಿತ್ರ) ಇದೆಯಲ್ಲ, ಅದಕ್ಕೆ ಆಕೆ ತನ್ನ ಮಗನನ್ನು ತೋಳಿನಲ್ಲಿ ಹಿಡಿದು ಕನ್ನಡಿ ಎದುರು ತಾನೇ ಮಾಡೆಲ್ ಆಗಿ ಕೂತಳು. ಅಲ್ಲೂ ತಾಯಿಯ ಮುಖ ಮಗುವಿನ ಮೈಯಲ್ಲಿ ಹುದುಗಿದೆ, ಪೂರ್ತಿ ಕಾಣುವುದಿಲ್ಲ. ಆದರೆ ಮಡಚಿದ ಕಾಲು, ದಪ್ಪ ಮೊಣಕಾಲು, ಮಗುವನ್ನು ಬಿಗಿಹಿಡಿದ ತೋಳು ನೋಡಿ. ಮಗುವಿನ ಭಾರ ಎಷ್ಟು ಅಂತ ಆಕೆಯ ತೋಳಿಗೆ ಗೊತ್ತಿತ್ತು. ಅದು ಗೆರೆಯಲ್ಲಿ ಬಂದಿದೆ.

ಸಂಜೆ ಬಂದು ಬರೆಯುವವರೊಬ್ಬರು

ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಕಲಿಯುವ ಹಂತದಲ್ಲಿ ಭಾವ ಭಾವ ಅಂತ ಒದ್ದಾಡುವುದು ಬೇಡ. ಮೊದಲು ಅಳತೆ ಪೂರ್ತಿ ಕೈಗೆ ಬರಲಿ. ಅನಾಟಮಿ ಬರಲಿ. ಭಾವ ಆಮೇಲೆ ತಾನಾಗಿ ಬರುತ್ತದೆ. ಅಳತೆ ಬಾರದವರು ಬರೆದ 'ಭಾವಪೂರ್ಣ' ಚಿತ್ರಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಕೈ ಮುರಿದಂತೆ ಇರುತ್ತದೆ, ಕಾಲು ನೆಲಕ್ಕೇ ತಾಗಿರುವುದಿಲ್ಲ.

ಡ್ರಾಯಿಂಗ್ ಕಲಿಸುವವರು

ಮೇಲಿನವರ ಕಳಕಳಿ ನನಗೆ ಅರ್ಥವಾಗುತ್ತದೆ. ಕಾಲು ನೆಲಕ್ಕೆ ತಾಗದಿದ್ದರೆ ಭಾವವೂ ಇರುವುದಿಲ್ಲ, ಅದು ನಿಜ. ಆದರೆ 'ಆಮೇಲೆ ತಾನಾಗಿ ಬರುತ್ತದೆ' ಅನ್ನುವುದನ್ನು ನಾನು ಒಪ್ಪುವುದಿಲ್ಲ. ಏನನ್ನು ಅಳೆಯಬೇಕು ಅನ್ನುವುದರಲ್ಲೇ ಭಾವ ಇದೆ. ನಮ್ಮ ವಿದ್ಯಾರ್ಥಿಗಳು ಉದ್ದ ಅಳೆಯುತ್ತಾರೆ, ಓರೆ ಅಳೆಯುವುದಿಲ್ಲ. ತಲೆಯ ಎಂಟು ಪಟ್ಟು ಎತ್ತರ ಸರಿ ಇದೆಯಾ ಅಂತ ಮೂರು ಸಲ ನೋಡುತ್ತಾರೆ. ಸೊಂಟದ ಎರಡು ಮೂಳೆಗಳ ನಡುವಿನ ಗೆರೆ ಎಷ್ಟು ವಾಲಿದೆ ಅಂತ ಒಮ್ಮೆಯೂ ನೋಡುವುದಿಲ್ಲ.

ಒಂದೇ ಕಾಲಿನ ಮೇಲೆ ಭಾರ ಹಾಕಿ ನಿಂತ ಮಾಡೆಲ್ ತೆಗೆದುಕೊಳ್ಳಿ. ಭಾರ ಹೊತ್ತ ಕಾಲಿನ ಕಡೆ ಸೊಂಟ ಮೇಲೇರುತ್ತದೆ, ಸಡಿಲ ಕಾಲಿನ ಕಡೆ ಇಳಿಯುತ್ತದೆ. ಅದನ್ನು ಸರಿದೂಗಿಸಲು ಹೆಗಲ ಗೆರೆ ಸಾಮಾನ್ಯವಾಗಿ ಎದುರು ದಿಕ್ಕಿಗೆ ವಾಲುತ್ತದೆ. ಮುಂದಿನಿಂದ ನೋಡಿದರೆ ಕತ್ತಿನ ಗುಳಿಯಿಂದ ದಾರ ಇಳಿಬಿಟ್ಟಾಗ ಅದು ಹೆಚ್ಚುಕಮ್ಮಿ ಭಾರ ಹೊತ್ತ ಕಾಲಿನ ಹರಡಿನ ಹತ್ತಿರ ಬೀಳಬೇಕು. ಗ್ರೀಕರು ಕ್ರಿ.ಪೂ. 5ನೇ ಶತಮಾನದಲ್ಲೇ ಇದನ್ನು ಕಲ್ಲಿನಲ್ಲಿ ಹಿಡಿದರು. ನಮ್ಮ ಶಿಲ್ಪಿಗಳ ತ್ರಿಭಂಗ ಇನ್ನೂ ಒಂದು ಬಾಗು ಮುಂದೆ ಹೋಗುತ್ತದೆ. ಕಾಲು, ಸೊಂಟ, ತಲೆ ಮೂರೂ ಬೇರೆ ಬೇರೆ ಕಡೆಗೆ. ಅಲ್ಲಿಯವರೆಗೆ ಎರಡೂ ಕಾಲಿನ ಮೇಲೆ ಸಮವಾಗಿ ನಿಂತಿದ್ದ ವಿಗ್ರಹ ಏನನ್ನೋ ಯೋಚಿಸುವ ಮನುಷ್ಯನಂತೆ ಕಾಣತೊಡಗಿದ್ದು ಈ ವಾಲುವಿಕೆಯಿಂದಲೇ. ಇದು ಅಳತೆಯೂ ಹೌದು, ಭಾವವೂ ಹೌದು. ಎರಡನ್ನೂ ಬೇರೆ ಮಾಡಲು ನನಗೆ ಸಾಧ್ಯವಾಗಿಲ್ಲ.

ಹತ್ತಿರದಿಂದ ನೋಡಲು ಒಂದು ಹಾಳೆ ಹೇಳುತ್ತೇನೆ. ಮೈಕೆಲಾಂಜೆಲೋ ಸಿಸ್ಟೀನ್ ಚಾಪೆಲ್ಲಿನ ಚಾವಣಿಯಲ್ಲಿ ಬರೆದ ಲಿಬಿಯನ್ ಸಿಬಿಲ್ ಎಂಬ ಭವಿಷ್ಯ ಹೇಳುವ ಹೆಂಗಸಿಗಾಗಿ ಮಾಡಿಕೊಂಡ ಕೆಂಪು ಚಾಕಿನ ಸ್ಟಡಿ. ಈಗ ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಮ್ಯೂಸಿಯಮ್ಮಿನಲ್ಲಿದೆ. ಚಾವಣಿಯಲ್ಲಿರುವುದು ಹೆಂಗಸು, ಹಾಳೆಯಲ್ಲಿ ಕೂತಿರುವುದು ಗಂಡು ಮಾಡೆಲ್. ಬೆನ್ನು ನಮ್ಮ ಕಡೆ, ಎರಡೂ ಕೈ ಚಾಚಿದೆ, ಮುಖ ಹೆಗಲಿನ ಮೇಲಿಂದ ಪಕ್ಕಕ್ಕೆ ತಿರುಗಿದೆ. ಬೆನ್ನಿನ ಮಾಂಸಖಂಡ ಎಲ್ಲರೂ ಹೊಗಳುತ್ತಾರೆ. ನೀವು ಕೆಳಗೆ ನೋಡಿ. ಕಾಲಿನ ಬೆರಳುಗಳನ್ನು ಅವನು ಬೇರೆಯಾಗಿ ಮತ್ತೆ ಮತ್ತೆ ಬರೆದಿದ್ದಾನೆ. ಹೆಬ್ಬೆರಳು ನೆಲಕ್ಕೆ ಒತ್ತಿ ಅಗಲವಾಗಿದೆ, ಉಳಿದ ಬೆರಳುಗಳು ಅದರ ಪಕ್ಕ ಹರಡಿಕೊಂಡಿವೆ. ಅಷ್ಟು ದೊಡ್ಡ ಮೈ ತಿರುಗುತ್ತಿರುವಾಗ ಭಾರವೆಲ್ಲ ಬಂದು ನಿಲ್ಲುವುದು ಆ ಬೆರಳುಗಳ ಮೇಲೆ. ಅಲ್ಲಿ ಒತ್ತು ಕಾಣದಿದ್ದರೆ ಮೇಲಿನ ಬೆನ್ನು ಎಷ್ಟು ಚೆನ್ನಾಗಿದ್ದರೂ ಗಾಳಿಯಲ್ಲಿ ತೇಲುತ್ತದೆ. ನಿಮ್ಮ ಹಾಳೆಯಲ್ಲಿ ಪಾದಕ್ಕೆ ಎಷ್ಟು ಸಮಯ ಕೊಟ್ಟಿದ್ದೀರಿ ಅಂತ ಒಮ್ಮೆ ಕೇಳಿಕೊಳ್ಳಿ. ಹೆಚ್ಚಿನವರು ಕೊನೆಗೆ ಹತ್ತು ನಿಮಿಷದಲ್ಲಿ ಮುಗಿಸುತ್ತಾರೆ.

ಗೆರೆಯ ಬಗ್ಗೆ ಎರಡು ಮಾತು. ಮೈಸುತ್ತ ಒಂದೇ ದಪ್ಪದ ಔಟ್‌ಲೈನ್ ಎಳೆದರೆ ಒತ್ತಡ ಇರುವ ಜಾಗವೂ ಸಡಿಲ ಇರುವ ಜಾಗವೂ ಒಂದೇ ಥರ ಕಾಣುತ್ತವೆ. ಮೂಳೆ ಚರ್ಮಕ್ಕೆ ಹತ್ತಿರ ಬರುವ ಕಡೆ, ಅಂದರೆ ಮೊಣಕೈ, ಮೊಣಕಾಲು, ಹರಡು, ಕಾಲರ್ ಮೂಳೆ ಇಂಥ ಕಡೆ ಗೆರೆ ಗಟ್ಟಿಯಾಗಿ ತಿರುಗಲಿ. ಹಿಗ್ಗಿದ ಮಗ್ಗುಲಲ್ಲಿ ಉದ್ದಕ್ಕೆ, ನಿಲ್ಲದೆ ಹೋಗಲಿ. ಒತ್ತಿಕೊಂಡ ಮಗ್ಗುಲಲ್ಲಿ ಒಂದು ಆಕಾರ ಇನ್ನೊಂದರ ಮುಂದೆ ಬರುತ್ತದೆ, ಅಲ್ಲಿ ಗೆರೆ ಕಡಿದು ಒಳಗೆ ನುಗ್ಗಲಿ. ಮಡಿಕೆಗಳನ್ನು ಸೌಂದರ್ಯದ ಹೆಸರಲ್ಲಿ ಅಳಿಸಬೇಡಿ, ದಯವಿಟ್ಟು. ಮೈ ಮಡಚಿದೆ ಅಂತ ಹೇಳುವುದೇ ಅವು.

ಬೆಳಕು ಕೂಡ ಭಾವವನ್ನು ನಿರ್ಧರಿಸುತ್ತದೆ, ಜನ ಅಂದುಕೊಳ್ಳುವುದಕ್ಕಿಂತ ಜಾಸ್ತಿ. ಒಂದೇ ದೀಪ, ಸ್ವಲ್ಪ ಮೇಲಿಂದ, ಒಂದು ಪಕ್ಕದಿಂದ ಇದ್ದರೆ ಬಾಗಿದ ತಲೆಯ ಮುಖ ನೆರಳಿಗೆ ಹೋಗುತ್ತದೆ, ಹೆಗಲು ಮತ್ತು ಬೆನ್ನು ಬೆಳಗುತ್ತವೆ. ನೋಡುವವರ ಕಣ್ಣು ತಾನಾಗಿ ಬೆನ್ನಿಗೆ ಹೋಗುತ್ತದೆ. ಫ್ರೆಂಚ್ ಚಿತ್ರಕಾರ ಪ್ರೂದೋನ್‌ನ ನ್ಯೂಡ್ ಸ್ಟಡಿಗಳನ್ನು ನೋಡಿ. ನೀಲಿ ಕಾಗದದ ಮೇಲೆ ಕಪ್ಪು ಮತ್ತು ಬಿಳಿ ಚಾಕ್. ಕಾಗದದ ಬಣ್ಣವೇ ನಡುವಿನ ಛಾಯೆ. ಹೆಸರಾದ ಮೇಲೂ ಅವನು ಈ ಅಭ್ಯಾಸ ಬಿಡಲಿಲ್ಲ. ಅವನ ಅಳತೆ ಪಕ್ಕಾ ಅಕಾಡೆಮಿಕ್. ಆದರೂ ಮೈಯೆಲ್ಲ ಮೃದುವಾಗಿ, ಏನನ್ನೋ ಕಾಯುತ್ತಿರುವಂತೆ ಕಾಣುತ್ತದೆ, ಯಾಕೆಂದರೆ ಎಲ್ಲಿ ಅಂಚು ಕತ್ತಲಲ್ಲಿ ಕಳೆದುಹೋಗಬೇಕು ಅಂತ ಅವನಿಗೆ ಗೊತ್ತಿತ್ತು. ಎಲ್ಲ ಅಂಚೂ ಕತ್ತರಿಸಿದಂತೆ ಸ್ಪಷ್ಟ ಇದ್ದರೆ ಎಲ್ಲ ಭಾಗವೂ ಒಟ್ಟಿಗೆ ಮಾತಾಡಿದ ಹಾಗಾಗುತ್ತದೆ. ಯಾವುದನ್ನು ಕೇಳಿಸಿಕೊಳ್ಳಬೇಕು ಗೊತ್ತಾಗುವುದಿಲ್ಲ.

ಹಾಗಾಗಿ ಎಲ್ಲ ಕಡೆ ಸಮನಾಗಿ ಮುಗಿಸಬೇಡಿ. ನಿಮ್ಮ ಪೋಸ್‌ನ ಮಾತು ಕುತ್ತಿಗೆ ಮತ್ತು ಹೆಗಲಿನಲ್ಲಿದ್ದರೆ ಅಲ್ಲಿ ಪೂರ್ತಿ ನಿಗಾ ಇಡಿ. ಸಡಿಲ ಕಾಲಿನ ತೊಡೆಯನ್ನು ದೊಡ್ಡ ಛಾಯೆಯಲ್ಲಿ ಬಿಟ್ಟುಬಿಡಿ.

ಮಾಡೆಲ್ ಆಗಿ ಕೆಲಸ ಮಾಡುವವರು

ಸ್ಟ್ಯಾಂಡಿನ ಮೇಲಿಂದಲೂ ಒಬ್ಬರು ಮಾತಾಡಬೇಕು ಅನ್ನಿಸಿತು.

ಮೊದಲನೆಯದು, ನಮಗೆ "ದುಃಖದ ಪೋಸ್ ಕೊಡಿ" ಅಂತ ಹೇಳಬೇಡಿ. ಹಾಗೆ ಹೇಳಿದರೆ ಕೈ ಹಣೆಗೆ ಹೋಗುತ್ತದೆ, ನೀವು ಈಗಾಗಲೇ ಸಾವಿರ ಸಲ ನೋಡಿದ ದುಃಖ ಸಿಗುತ್ತದೆ. ಮಾಡುವ ಕೆಲಸ ಕೊಡಿ. "ಬಹಳ ಹೊತ್ತು ಹೊತ್ತಿದ್ದ ಭಾರವನ್ನು ಈಗಷ್ಟೇ ಕೆಳಗಿಟ್ಟಿದ್ದೀರಿ", "ಹಿಂದೆ ಯಾರೋ ಬಾಗಿಲು ತೆಗೆದರು, ಆದರೆ ತಿರುಗಿ ನೋಡಲು ಮನಸ್ಸಿಲ್ಲ", "ಏಳಬೇಕು, ಆದರೆ ಇನ್ನೂ ಎದ್ದಿಲ್ಲ". ಇಂಥದ್ದು ಹೇಳಿದರೆ ನನ್ನ ಮೈಗೆ ಏನು ಮಾಡಬೇಕು ಅಂತ ಗೊತ್ತಾಗುತ್ತದೆ. ಎದ್ದೇಳುವ ಮುಂಚಿನ ಪೋಸ್‌ನಲ್ಲಿ ಭಾರ ಆಗಲೇ ಪಾದಕ್ಕೆ ಬಂದಿರುತ್ತದೆ, ತೊಡೆ ಬಿಗಿದಿರುತ್ತದೆ, ಸೊಂಟ ಮಾತ್ರ ಇನ್ನೂ ಸ್ಟೂಲ್ ಬಿಟ್ಟಿರುವುದಿಲ್ಲ. ಅದನ್ನು ಬರೆದವರ ಹಾಳೆ ನೋಡಿದಾಗ ನನಗೆ ನನ್ನದೇ ತೊಡೆ ನೆನಪಾಗುತ್ತದೆ.

ಎರಡನೆಯದು ಬಿಗಿ ಇರುವ ಪೋಸ್‌ಗಳ ಬಗ್ಗೆ. ತೋಳು ಎತ್ತಿ ಹಿಡಿದರೆ ಸ್ವಲ್ಪ ಹೊತ್ತಿಗೇ ರಕ್ತ ಇಳಿದು ಜೋಮು ಹಿಡಿಯುತ್ತದೆ. ಮೈ ತಿರುಚಿ ನಿಂತರೆ ಬೆನ್ನಿನ ಕೆಳಭಾಗ ಹಿಡಿದುಕೊಳ್ಳುತ್ತದೆ. ಸಾಮಾನ್ಯವಾಗಿ ಇಪ್ಪತ್ತು ನಿಮಿಷಕ್ಕೊಮ್ಮೆ ಐದು ನಿಮಿಷ ಬಿಡುವು ಅಂತ ಇದೆ, ಆದರೆ ಇಂಥ ಪೋಸ್ ಇಪ್ಪತ್ತು ನಿಮಿಷ ನಿಲ್ಲುವುದಿಲ್ಲ. ಹಳೆಯ ಅಕಾಡೆಮಿಗಳಲ್ಲಿ ಇದಕ್ಕೇ ಮೇಲಿಂದ ಹಗ್ಗ ಇಳಿಬಿಡುತ್ತಿದ್ದರು, ಕೋಲು ಕೊಡುತ್ತಿದ್ದರು. ಆ ಕಾಲದ ಸ್ಟಡಿಗಳಲ್ಲಿ ಮಾಡೆಲ್ ಹಗ್ಗ ಹಿಡಿದು ನಿಂತಿರುವುದು ನೀವು ನೋಡಿರಬಹುದು. ನನ್ನದೊಂದು ಕೋರಿಕೆ: ಹಗ್ಗ ಇದ್ದರೆ ಹಗ್ಗವನ್ನೂ ಬರೆಯಿರಿ. ಅದನ್ನು ಬಿಟ್ಟು ತೋಳು ಮಾತ್ರ ಬರೆದರೆ ಭಾರ ಹಗ್ಗಕ್ಕೆ ಹೋಗಿದ್ದು ಎಲ್ಲೂ ಕಾಣುವುದಿಲ್ಲ. ಹೆಗಲು ನೇತಾಡುತ್ತಿರುತ್ತದೆ, ತೋಳು ಮಾತ್ರ ತಾನೇ ಎತ್ತಿದಂತೆ ಮೇಲಿರುತ್ತದೆ. ಯಾವುದೋ ಒಂದು ಸುಳ್ಳು ಅಂತ ನೋಡುವವರಿಗೆ ಗೊತ್ತಾಗಿಬಿಡುತ್ತದೆ.

ಮೂರನೆಯದು ಮರ್ಯಾದೆಯ ವಿಷಯ. ಭಾವ ಬೇಕು ಅನ್ನುವ ಹುಮ್ಮಸ್ಸಿನಲ್ಲಿ ಕೆಲವರು ಇದನ್ನು ಮರೆಯುತ್ತಾರೆ. ಪೋಸ್ ತಿದ್ದಬೇಕಾದರೆ ಬಾಯಲ್ಲಿ ಹೇಳಿ, ನಿಮ್ಮ ಮೈಯಲ್ಲಿ ಮಾಡಿ ತೋರಿಸಿ, ಮುಟ್ಟಬೇಡಿ. ಕೇಳದೆ ಫೋಟೋ ತೆಗೆಯಬೇಡಿ, ಮನೆಯಲ್ಲಿ ಕೂತು ಮುಗಿಸಲು ಅಂದರೂ ಸರಿ. ನಮ್ಮ ಜೀವನದ ನಿಜವಾದ ನೋವನ್ನು ಕೆದಕಿ ಪೋಸ್ ಮಾಡಿಸಬೇಡಿ. ರೂಮು ಬೆಚ್ಚಗಿರಲಿ. ಚಳಿಯಾದರೆ ಹೆಗಲು ಮೇಲೇರಿ ಹೊಟ್ಟೆ ಒಳಗೆ ಹೋಗುತ್ತದೆ, ನೀವು ಅದನ್ನು ಭಯ ಅಂತ ಬರೆಯುತ್ತೀರಿ. ಪಾದದ ಸುತ್ತ ಟೇಪ್ ಹಾಕಿ ಗುರುತು ಮಾಡಿದರೆ ಬ್ರೇಕ್ ಆದ ಮೇಲೆ ಅದೇ ಜಾಗಕ್ಕೆ ಬರುವುದು ನಮಗೂ ಸುಲಭ. ಆದರೆ ಟೇಪ್ ಪಾದವನ್ನು ಮಾತ್ರ ಹಿಡಿದಿಡುತ್ತದೆ. ಉಳಿದದ್ದಕ್ಕೆ ಮೇಲೆ ಒಬ್ಬರು ಹೇಳಿದ ಚೀಟಿಯೇ ಗತಿ. ಅದನ್ನು ನನಗೂ ತೋರಿಸಿ. ಮೊದಲ ನಿಮಿಷದಲ್ಲಿ ನಾನು ಹೇಗಿದ್ದೆ ಅಂತ ನೋಡಿದರೆ ನಾನು ಮತ್ತೆ ಅಲ್ಲಿಗೆ ಬರಬಲ್ಲೆ.

ಕೇಳಿದವರು

ಎಲ್ಲರಿಗೂ ತುಂಬಾ ಧನ್ಯವಾದ. ಚೀಟಿಯ ವಿಷಯ ನನಗೆ ಹೊಳೆದೇ ಇರಲಿಲ್ಲ. ಇನ್ನೆರಡು ಪ್ರಶ್ನೆ. ಓರೆ ಕಡಿಮೆಯಾಗುತ್ತದೆ ಅಂದಿರಿ, ಹಾಗಾದರೆ ಬೇಕಂತಲೇ ಜಾಸ್ತಿ ಮಾಡಬಹುದಾ? ಅಕಾಡೆಮಿಕ್ ಡ್ರಾಯಿಂಗ್‌ನಲ್ಲಿ ಅದು ತಪ್ಪಲ್ವಾ? ಮತ್ತೆ ಮಾಡೆಲ್ ಇಲ್ಲದ ದಿನ ಏನು ಅಭ್ಯಾಸ ಮಾಡಲಿ?

ಡ್ರಾಯಿಂಗ್ ಕಲಿಸುವವರು

ಜಾಸ್ತಿ ಮಾಡಬಹುದು. ಎಲ್ಲಿ ಮಾಡಬೇಕು ಅನ್ನುವುದು ಗೊತ್ತಿರಬೇಕು. ಫ್ರೆಂಚ್ ಚಿತ್ರಕಾರ ಆಂಗ್ರ್ ಅಂದರೆ ಶುದ್ಧ ರೇಖೆಗೆ, ಕಟ್ಟುನಿಟ್ಟಿಗೆ ಹೆಸರಾದವನು. 1814ರ ಅವನ ಒಡಾಲಿಸ್ಕ್, ಅಂದರೆ ಬೆನ್ನು ತೋರಿಸಿ ಒರಗಿದ ಬೆತ್ತಲೆ ಹೆಂಗಸಿನ ಚಿತ್ರ, ನೋಡಿದ ವಿಮರ್ಶಕರು ಈಕೆಯ ಬೆನ್ನುಮೂಳೆಯಲ್ಲಿ ಮೂರು ಮಣಿ ಜಾಸ್ತಿ ಇದೆ ಅಂತ ದೂರಿದರು. ಬೆನ್ನು ನಿಜಕ್ಕೂ ಉದ್ದ ಇದೆ. ಆದರೆ ಆ ಉದ್ದನೆಯ ಬಾಗು ಇಲ್ಲದೆ ಆ ಆಲಸ್ಯ ಬರುತ್ತಿರಲಿಲ್ಲ. ನಾನು ವಿದ್ಯಾರ್ಥಿಗಳಿಗೆ ಹೇಳುವುದು ಇಷ್ಟು: ಉದ್ದ, ದಪ್ಪ ಮುಟ್ಟಬೇಡಿ, ಓರೆಯನ್ನು ಮಾತ್ರ ಜಾಸ್ತಿ ಮಾಡಿ. ಅದೂ ಮೊದಲ ಹಂತದಲ್ಲಿ. ಶುರುವಿನಲ್ಲಿ ನಿಮಗೆ ಜಾಸ್ತಿ ಅನ್ನಿಸಿದ ಓರೆ ಶೇಡಿಂಗ್ ಮುಗಿಯುವ ಹೊತ್ತಿಗೆ ಸರಿಯಾದ ಓರೆಯಾಗಿ ಉಳಿದಿರುತ್ತದೆ, ಯಾಕೆಂದರೆ ನಡುವೆ ಕೈ ಅದನ್ನು ನೆಟ್ಟಗೆ ಮಾಡುತ್ತಲೇ ಇರುತ್ತದೆ. ಮೂರು ಓರೆಗಳಲ್ಲಿ ಯಾವುದು ನಿಮ್ಮ ಕ್ರಿಯಾಪದವನ್ನು ಹೇಳುತ್ತದೋ ಅದನ್ನು ಮಾತ್ರ ಆರಿಸಿ. ಮೂರನ್ನೂ ಎಳೆದರೆ ಕಾರ್ಟೂನ್ ಆಗುತ್ತದೆ.

ಅಕಾಡೆಮಿಕ್ ಪರೀಕ್ಷೆಗೆ ಬರೆಯುತ್ತಿದ್ದರೆ ಹುಷಾರಾಗಿರಿ. ಆದರೆ ಒಂದು ಕೆಲಸ ಪರೀಕ್ಷೆಯಲ್ಲೂ ಮಾಡಬಹುದು. ಮುಗಿಯುವ ಮುಂಚೆ ಹಾಳೆಯನ್ನು ಕನ್ನಡಿಯಲ್ಲಿ ನೋಡಿ. ತಿರುವುಮುರುವಾದ ಚಿತ್ರದಲ್ಲಿ ಓರೆ ಎಷ್ಟು ಉಳಿದಿದೆ ಅಂತ ತಕ್ಷಣ ಕಾಣುತ್ತದೆ.

ಎರಡನೇ ವರ್ಷದ ವಿದ್ಯಾರ್ಥಿ

ಮಾಡೆಲ್ ಇಲ್ಲದ ದಿನ ನಾನು ಕನ್ನಡಿ ಎದುರು ನನ್ನದೇ ಕೈ, ಪಾದ ಬರೆಯುತ್ತೇನೆ. ಒಂದು ಪಾದದ ಮೇಲೆ ಭಾರ ಹಾಕಿ ಒಂದು ಸ್ಕೆಚ್, ಭಾರ ತೆಗೆದು ಇನ್ನೊಂದು. ಎರಡನ್ನೂ ಪಕ್ಕ ಪಕ್ಕ ಇಟ್ಟರೆ ವ್ಯತ್ಯಾಸ ಕಾಣುತ್ತದೆ: ಭಾರ ಬಿದ್ದ ಪಾದ ಅಗಲವಾಗುತ್ತದೆ, ಒಳಬದಿಯ ಕಮಾನು ಸ್ವಲ್ಪ ಇಳಿಯುತ್ತದೆ, ಬೆರಳುಗಳ ಗಿಣ್ಣಿನ ಹತ್ತಿರ ಚರ್ಮ ಬಿಗಿಯುತ್ತದೆ. ಕೈಯನ್ನೂ ಹಾಗೇ. ಮೇಜಿನ ಮೇಲೆ ಸುಮ್ನೆ ಇಟ್ಟ ಕೈ ಒಂದು, ಮೇಜನ್ನು ಒತ್ತುತ್ತಿರುವ ಕೈ ಇನ್ನೊಂದು.

ಸಂಜೆ ಬಂದು ಬರೆಯುವವರೊಬ್ಬರು

ನಾನು ಅಳತೆಯ ಪರ ಮಾತಾಡಿದವನು, ಆದರೂ ಒಂದು ಸೇರಿಸುತ್ತೇನೆ. ಫ್ರೆಂಚ್ ಶಿಲ್ಪಿ ರೋಡ್ಯಾನ್ ತನ್ನ ಕೊನೆಯ ದಶಕಗಳಲ್ಲಿ ಮಾಡೆಲ್‌ಗಳನ್ನು ಸ್ಟುಡಿಯೋದಲ್ಲಿ ಇಷ್ಟ ಬಂದಂತೆ ಓಡಾಡಲು ಬಿಟ್ಟು, ಕಾಗದದ ಕಡೆ ನೋಡದೆ ಅವರ ಮೇಲೇ ಕಣ್ಣಿಟ್ಟು ಬರೆಯುತ್ತಿದ್ದ. ಗೆರೆ ಎಲ್ಲೋ ಹೋಗುತ್ತದೆ, ಕಾಲು ಕಾಗದದಿಂದ ಹೊರಗೆ ಬೀಳುತ್ತದೆ. ಆದರೆ ಕಣ್ಣು ಮಾಡೆಲ್ ಬಿಟ್ಟು ಅಲುಗಾಡುವುದಿಲ್ಲ. ನಾನು ಪ್ರತಿ ಸಂಜೆ ಬೋರ್ಡ್ ಮುಂದೆ ನಿಲ್ಲುವ ಮೊದಲು ಹಾಗೆ ಒಂದೆರಡು ಹಾಳೆ ಮಾಡುತ್ತೇನೆ. ಆಮೇಲೆ ದಾರ ಹಿಡಿದು ಅಳೆಯುವಾಗ ಕಣ್ಣು ಹಾಳೆಗಿಂತ ಮಾಡೆಲ್ ಮೇಲೆ ಜಾಸ್ತಿ ಹೊತ್ತು ಇರುತ್ತದೆ.

ಸ್ಟುಡಿಯೋದಲ್ಲಿ ಬಹಳ ಕಾಲದಿಂದ ಬರೆಯುತ್ತಿರುವವರು

ಮಾಡೆಲ್ ಇಲ್ಲದ ದಿನಕ್ಕೆ ನನ್ನದೊಂದು. ಫ್ರೆಂಚ್ ಚಿತ್ರಕಾರ ದೇಗಾ ಸ್ನಾನ ಮಾಡುವ, ಮೈ ಒರೆಸಿಕೊಳ್ಳುವ ಹೆಂಗಸರ ಪೇಸ್ಟೆಲ್‌ಗಳನ್ನು (ಬಣ್ಣದ ಕಡ್ಡಿಯ ಚಿತ್ರಗಳನ್ನು) ಬರೆದಿದ್ದಾನಲ್ಲ, ಅದರಲ್ಲಿ ಮುಖ ಕಾಣದವನ್ನು ಆರಿಸಿ. ನಕಲು ಮಾಡಬೇಡಿ. ಒಂದು ತೆಳು ಕಾಗದದಲ್ಲಿ ಭಾರ ಇಳಿಯುವ ದಾರಿ ಮಾತ್ರ ಎಳೆಯಿರಿ. ಒಂದು ಕೈ ಟಬ್ಬಿನ ಅಂಚಿಗೆ ಊರಿದ್ದರೆ ಅಲ್ಲಿ ಎಷ್ಟು ಭಾರ, ಪಾದದಲ್ಲಿ ಎಷ್ಟು. ಆಮೇಲೆ ನೀವೇ ಹಾಗೆ ಬಾಗಿ ನಿಂತು ನೋಡಿ. ನಿಮ್ಮ ಊಹೆ ಸರಿಯೋ ಅಲ್ಲವೋ ನಿಮ್ಮ ಮಣಿಕಟ್ಟೇ ಹೇಳುತ್ತದೆ.

ಇನ್ನೊಂದು, ಕ್ಲಾಸ್ ಇರುವ ದಿನದ್ದು. ಮಾಡೆಲ್ ಬ್ರೇಕ್ ಮುಗಿಸಿ ಪೋಸ್‌ಗೆ ಮರಳುವ ಆ ಮೊದಲ ಅರ್ಧ ನಿಮಿಷ ಯಾರೂ ಬರೆಯುವುದಿಲ್ಲ. ಎಲ್ಲರೂ ಸರಿಹೋಗಲಿ ಅಂತ ಕಾಯುತ್ತಿರುತ್ತಾರೆ. ನೀವು ಆಗ ಪೆನ್ಸಿಲ್ ಕೆಳಗಿಟ್ಟು ಬರೀ ನೋಡಿ. ಮೈ ಯಾವ ಭಾಗವನ್ನು ಮೊದಲು ಜಾಗಕ್ಕೆ ತರುತ್ತದೆ, ಯಾವುದು ಕೊನೆಗೆ ಕೂರುತ್ತದೆ ಅಂತ ಗಮನಿಸಿ. ಕೆಲವರು ಸೊಂಟದಿಂದ ಶುರುಮಾಡುತ್ತಾರೆ, ಕೆಲವರು ತಲೆಯಿಂದ. ಮೊದಲು ಜಾಗ ಹಿಡಿದ ಭಾಗವೇ ಸಾಮಾನ್ಯವಾಗಿ ಪೋಸ್‌ನ ಬುಡ. ದೊಡ್ಡ ಹಾಳೆಯನ್ನೂ ಅಲ್ಲಿಂದಲೇ ಶುರುಮಾಡಿ. ಈಗ ನಡೆಯುತ್ತಿರುವ ಹಾಳೆ ಮುಗಿದ ಮೇಲೆ ಚೀಟಿಯ ಜೊತೆಗೇ ಇಲ್ಲಿ ಹಾಕಿ. ಮಾಡೆಲ್‌ರನ್ನು ಮೊದಲು ಒಂದು ಮಾತು ಕೇಳಿ. ಓರೆ ಎಲ್ಲಿ ಉಳಿದಿದೆ, ಎಲ್ಲಿ ಕಡಿಮೆಯಾಗಿದೆ ಅಂತ ಎರಡನ್ನೂ ಪಕ್ಕ ಪಕ್ಕ ಇಟ್ಟು ಹೇಳುತ್ತೇವೆ.